ಹಾಡಿನ ಯಾವ ಜಾಗದಲ್ಲಿ ನಿಮಗೆ ಮೈ ಜುಮ್ಮೆನ್ನುತ್ತದೆ?

ನಿಷಾದ

ಯಾವ ಹಾಡು ಇಷ್ಟ, ಯಾರ ಗಾಯನ ಇಷ್ಟ ಎಂಬ ಚರ್ಚೆ ಬೇಕಾದಷ್ಟು ಆಗಿದೆ. ಈ ಸಲ ಸ್ವಲ್ಪ ಒಳಗೆ ಇಳಿಯೋಣ. ಮೈ ಜುಮ್ಮೆನ್ನುವುದು, ಗಂಟಲು ಕಟ್ಟುವುದು, ಕಣ್ಣು ತುಂಬುವುದು ನಿಮಗೆ ಸರಿಯಾಗಿ ಹಾಡಿನ ಎಲ್ಲಿ? ಪಲ್ಲವಿಯಲ್ಲಾ, ಚರಣದಲ್ಲಾ, ವಾದ್ಯಗಳೆಲ್ಲ ಒಮ್ಮೆಲೇ ನಿಂತುಬಿಡುವ ಕ್ಷಣದಲ್ಲಾ?

ನನ್ನದು ಹೇಳುತ್ತೇನೆ. ಗಾಯಕರು ಮೇಲಿನ ಷಡ್ಜದ, ಅಂದರೆ ಮೇಲಿನ 'ಸ'ದ ಹತ್ತಿರ ಹೋಗಿ, ಅದನ್ನು ಮುಟ್ಟದೆ ಅದರ ಕೆಳಗಿನ ನಿಷಾದದಲ್ಲೇ ('ನಿ') ನಿಂತುಬಿಡುತ್ತಾರಲ್ಲ, ಆ ಜಾಗ. ಷಡ್ಜ ಬಂದೇ ಬರುತ್ತದೆ ಎಂದು ಕೂತವರಿಗೆಲ್ಲ ಗೊತ್ತು. ಆದರೂ ಬರುವುದಿಲ್ಲ. ಮತ್ತೊಂದು ಸುತ್ತು ಕೆಳಗೆ ಇಳಿದು ಬರುತ್ತಾರೆ, ಮತ್ತೆ ನಿಷಾದ. ಅಷ್ಟು ಹೊತ್ತಿಗೆ ನನ್ನ ತೋಳಿನ ಕೂದಲು ನಿಮಿರಿರುತ್ತದೆ. ಷಡ್ಜ ಬಂದಾಗ ಒಂದು ಸಮಾಧಾನ, ಅಷ್ಟೇ. ನಿಜವಾದ ಸುಖ ಅದಕ್ಕಿಂತ ಮುಂಚೆಯೇ ಆಗಿಹೋಗಿರುತ್ತದೆ.

ಅದಕ್ಕೇ ನನ್ನ ವಾದ ಇಷ್ಟು: ಸಂಗೀತದ ಸುಖ ಪೂರ್ತಿ ಕಾಯುವುದರಲ್ಲಿದೆ. ಒಪ್ಪದವರು ಬೈಯಬಹುದು. ಆದರೆ ನಿಮ್ಮ ಜಾಗ ಹೇಳಿ ಆಮೇಲೆ ಬೈಯಿರಿ.

ಮಾತುಗಾರ್ತಿ

ನಿಷಾದ ಅವರೇ, ಒಪ್ಪುವುದಿಲ್ಲ. ನನಗೆ ಸಾಹಿತ್ಯವೇ ಮುಖ್ಯ. ಜಾಗ ಕೇಳಿದಿರಲ್ಲ, ತಗೊಳ್ಳಿ. ಪಲ್ಲವಿ ಮೊದಲ ಸಲ ಬಂದಾಗ ಅದು ಸುಮ್ನೆ ಒಂದು ಸಾಲು. ಚರಣದಲ್ಲಿ ಯಾರು ಯಾರನ್ನು ಬಿಟ್ಟು ಹೋದರು, ಯಾಕೆ ಹೋದರು ಎಂದು ತಿಳಿಯುತ್ತದೆ. ಆಮೇಲೆ ಅದೇ ಸಾಲು ಅದೇ ಧಾಟಿಯಲ್ಲಿ ವಾಪಸು ಬರುತ್ತದೆ. ಒಂದಕ್ಷರವೂ ಬದಲಾಗಿಲ್ಲ, ಅರ್ಥ ಮಾತ್ರ ಪೂರ್ತಿ ಬೇರೆ. ನನಗೆ ಗಂಟಲು ಕಟ್ಟುವುದು ಅಲ್ಲಿ. ಸ್ವರ ಯಾವುದು ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ನಿಷಾದ

ಭಾಷೆಯೇ ಬಾರದ ಹಾಡು ಕೇಳಿ ನೀವು ಅತ್ತದ್ದೇ ಇಲ್ವಾ?

ಮಾತುಗಾರ್ತಿ

ಅತ್ತಿದ್ದೇನೆ. ಆಮೇಲೆ ಅರ್ಥ ಹುಡುಕಿ ಓದಿದೆ. ನೋಡಿದರೆ ಅದು ಹಡಗಿನ ಕೆಲಸಗಾರರು ಹಗ್ಗ ಎಳೆಯುವಾಗ ಹೇಳುವ ಹಾಡು. ಅಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ದಯವಿಟ್ಟು ಇದನ್ನು ನನ್ನ ವಿರುದ್ಧ ಬಳಸಬೇಡಿ.

ಲ್ಯಾಬ್‌ಕೋಟು

ನಾನು ಬಳಸುತ್ತೇನೆ, ಮೇಡಂ. ಕ್ಯಾಮರೂನಿನ ಮಾಫಾ ಎಂಬ ಜನಾಂಗದವರ ಜೊತೆ ಮಾಡಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾಗವಹಿಸಿದವರು ಪಾಶ್ಚಾತ್ಯ ಸಂಗೀತವನ್ನು ಅದುವರೆಗೆ ಕೇಳಿಯೇ ಇರಲಿಲ್ಲ. ಅಂಥವರಿಗೆ ಪಿಯಾನೊ ತುಣುಕುಗಳನ್ನು ಕೇಳಿಸಿ, ಇದು ಖುಷಿಯದ್ದಾ, ದುಃಖದ್ದಾ, ಭಯದ್ದಾ ಎಂದು ಕೇಳಿದರು. ಊಹೆಯಿಂದ ಸಿಗಬಹುದಾದದ್ದಕ್ಕಿಂತ ಜಾಸ್ತಿ ಸರಿಯುತ್ತರ ಬಂದವು. ಮಾತಿಲ್ಲ, ಪರಿಚಯವಿಲ್ಲ, ಆದರೂ ಭಾವ ಸ್ವಲ್ಪ ಮಟ್ಟಿಗೆ ದಾಟಿತು.

ಇನ್ನು ನಿಷಾದ ಅವರ ವಿಷಯ. ನಿಮ್ಮ ಮಾತು ಅರ್ಧ ನಿಜ. 2011ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಸಂಗೀತ ಕೇಳಿದರೆ ಮೈ ಜುಮ್ಮೆನ್ನುವವರನ್ನೇ ಹುಡುಕಿ, ಅವರವರ ನೆಚ್ಚಿನ ಸಂಗೀತವನ್ನೇ ತರಲು ಹೇಳಿ, ಅದನ್ನು ಕೇಳುತ್ತಿರುವಾಗ ಮೆದುಳಿನ ಸ್ಕ್ಯಾನ್ ಮಾಡಿದರು. ಡೋಪಮೈನ್ ಎಂಬ ಮೆದುಳಿನ ರಾಸಾಯನಿಕ ಬಿಡುಗಡೆಯಾಗುವುದು ಕಂಡಿತು. ಹಸಿದಾಗ ಊಟ ಸಿಕ್ಕರೂ ಮೆದುಳಿನಲ್ಲಿ ಓಡುವುದು ಇದೇ ವ್ಯವಸ್ಥೆ. ಮಜಾ ಏನೆಂದರೆ, ಬಿಡುಗಡೆ ಎರಡು ಕಡೆ, ಎರಡು ಹೊತ್ತಿನಲ್ಲಿ ಆಗುತ್ತದೆ. ಇಷ್ಟದ ಜಾಗ ಬರುವ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಕಾಡೇಟ್ ಎಂಬ ಭಾಗದಲ್ಲಿ. ಆ ಜಾಗ ಬಂದೇಬಿಟ್ಟಾಗ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಇನ್ನೊಂದು ಭಾಗದಲ್ಲಿ. ಕಾಯುವುದಕ್ಕೂ ಸುಖ ಉಂಟು, ಸಿಗುವುದಕ್ಕೂ ಉಂಟು. ಪಾಪದ ಷಡ್ಜವನ್ನು 'ಸಮಾಧಾನ ಅಷ್ಟೇ' ಎಂದು ತಳ್ಳಿಹಾಕಬೇಡಿ.

ನೀವು ಕೇಳಿದ ಪ್ರಶ್ನೆಯನ್ನೇ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜಾನ್ ಸ್ಲೊಬೊಡ ಕೇಳುಗರಿಗೆ ಹಾಕಿ, ಫಲಿತಾಂಶವನ್ನು 1991ರಲ್ಲಿ ಪ್ರಕಟಿಸಿದ್ದಾರೆ. ಕಣ್ಣೀರು ಬಂದ ಜಾಗಗಳಲ್ಲಿ ಹೆಚ್ಚಾಗಿ ಒಂದು ವಿಷಯ ಕಂಡಿತು: ರಾಗದ ಎಳೆ ನಿಲ್ಲಬೇಕಾದ ಸ್ವರದ ಪಕ್ಕದ ಸ್ವರಕ್ಕೆ ಒರಗಿ, ಸ್ವಲ್ಪ ಎಳೆದಾಡಿ, ಆಮೇಲೆ ಸರಿಯಾದ ಸ್ವರಕ್ಕೆ ಸೇರಿಕೊಳ್ಳುವುದು. ಮೈ ಜುಮ್ಮೆಂದ ಜಾಗಗಳಲ್ಲಿ ಕಂಡದ್ದು ಬೇರೆ. ಅಲ್ಲಿ ಯಾರೂ ನಿರೀಕ್ಷಿಸದ ಹೊಸ ಹಾರ್ಮೊನಿ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಹೊಸ ಜೋಡಣೆ, ತಟ್ಟನೆ ಬಂದಿತ್ತು. ಅಳುವಿನ ಜಾಗ ಒಂದು, ರೋಮಾಂಚನದ ಜಾಗ ಇನ್ನೊಂದು. ನೀವು ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಿಬಿಟ್ಟಿದ್ದೀರಿ.

ನಿಷಾದ

ಅರ್ಧ ನಿಜ ಎಂದರಲ್ಲ, ಆ ಅರ್ಧ ಸಾಕು ನನಗೆ.

ಕಲ್ಲುಕಿವಿ

ಕುತೂಹಲಕ್ಕೆ ಓದುತ್ತಿದ್ದೇನೆ. ನನಗೆ ಇದು ಯಾವುದೂ ಆಗುವುದಿಲ್ಲ. ಕಿವಿ ಚೆನ್ನಾಗಿದೆ, ಅಪಸ್ವರ ಯಾವುದು ಎಂದು ಗುರುತಿಸುತ್ತೇನೆ, ತಾಳ ಹಾಕಬಲ್ಲೆ. ಇದು ದುಃಖದ ಹಾಡು ಎಂದೂ ಗೊತ್ತಾಗುತ್ತದೆ. ಆದರೆ ಒಳಗೆ ಏನೂ ಅಲುಗಾಡುವುದಿಲ್ಲ. ಕಾರಿನಲ್ಲಿ ಹೋಗುವಾಗ ಹಾಡು ಹಾಕಲಾ ಎಂದು ಕೇಳುತ್ತಾರೆ. ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಇದನ್ನು ಹೇಳಿದರೆ ಜನ ನನ್ನನ್ನು ಒಂಥರಾ ನೋಡುತ್ತಾರೆ, ಮನುಷ್ಯತ್ವವೇ ಇಲ್ಲದವನ ಹಾಗೆ.

ಹಿಂದಿನಸಾಲು

ಅಯ್ಯೋ, ನಿಜವಾಗಲೂ ಬೇಜಾರಾಯಿತು.

ಕಲ್ಲುಕಿವಿ

ಇದೇ ನೋಡಿ. ಬೇಜಾರು ಮಾಡಿಕೊಳ್ಳಬೇಡಿ, ನನಗಿಲ್ಲದ ಬೇಜಾರು ನಿಮಗ್ಯಾಕೆ? ಒಳ್ಳೆಯ ಕವಿತೆ ಓದಿದರೆ ನನಗೂ ಮೈ ಜುಮ್ಮೆನ್ನುತ್ತದೆ. ಅದನ್ನೇ ಯಾರಾದರೂ ಹಾಡಿದರೆ ನಿಂತುಹೋಗುತ್ತದೆ.

ಲ್ಯಾಬ್‌ಕೋಟು

ಕಲ್ಲುಕಿವಿ ಅವರೇ, ನಿಮ್ಮಂಥವರ ಬಗ್ಗೆ ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ಬರೆದಿದ್ದಾರೆ. ಸಂಗೀತ ಅರ್ಥವಾಗುತ್ತದೆ, ಸುಖ ಕೊಡುವುದಿಲ್ಲ. ದುಡ್ಡು ಗೆಲ್ಲುವ ಆಟ ಆಡಿಸಿದರೆ ಅವರ ಎದೆಬಡಿತ, ಚರ್ಮದ ಬೆವರು ಉಳಿದವರ ಹಾಗೆಯೇ ಏರಿತು. ಹಾಡು ಹಾಕಿದಾಗ ಮಾತ್ರ ಏನೂ ಇಲ್ಲ. ಅಂದರೆ ಸುಖದ ವ್ಯವಸ್ಥೆ ಸರಿಯಾಗಿಯೇ ಇದೆ, ಸಂಗೀತದಿಂದ ಅಲ್ಲಿಗೆ ಹೋಗುವ ದಾರಿ ದುರ್ಬಲ. ನೂರಕ್ಕೆ ಮೂರರಿಂದ ಐದು ಜನ ಹೀಗಿರಬಹುದು ಎಂಬ ಅಂದಾಜು ಇದೆ. ಇದು ರೋಗವಲ್ಲ, ಔಷಧಿ ಬೇಕಿಲ್ಲ. ಯಾರಾದರೂ ಒಂಥರಾ ನೋಡಿದರೆ ಇದನ್ನು ಹೇಳಿ.

ಕಲ್ಲುಕಿವಿ

ಧನ್ಯವಾದ ಸರ್. ಹೇಳುತ್ತೇನೆ.

ಹೊರಗಿನವನಾಗಿ ನಿಷಾದ ಅವರಿಗೆ ಒಂದು ಪ್ರಶ್ನೆ. ಕಾಯುವುದರಲ್ಲೇ ಸುಖ ಎನ್ನುತ್ತೀರಿ. ಆದರೆ ನೀವು ಅದೇ ಧ್ವನಿಮುದ್ರಣವನ್ನು ಎಷ್ಟೋ ಸಲ ಕೇಳಿರುತ್ತೀರಿ. ಷಡ್ಜ ಯಾವ ಸೆಕೆಂಡಿಗೆ ಬರುತ್ತದೆ ಎಂದು ಬಾಯಿಪಾಠ ಆಗಿರುತ್ತದೆ. ಗೊತ್ತಿರುವುದಕ್ಕೆ ಕಾಯುವುದು ಹೇಗೆ? ಪತ್ತೇದಾರಿ ಕಾದಂಬರಿಯ ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ನಾನಂತೂ ಅದನ್ನು ಮತ್ತೆ ಓದುವುದಿಲ್ಲ.

ನಿಷಾದ

ಒಳ್ಳೆ ಪ್ರಶ್ನೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಗೊತ್ತಿದ್ದರೆ ಕಾಯುವುದು ಇನ್ನೂ ಚೆನ್ನಾಗಿರುತ್ತದೆ. ಯಾಕೆ ಅಂತ ವಿವರಿಸಲು ಬರುವುದಿಲ್ಲ.

ಲ್ಯಾಬ್‌ಕೋಟು

ನಿರೀಕ್ಷೆಯಲ್ಲಿ ಎರಡು ಬಗೆ ಇದೆ. 'ಈ ಹಾಡಿನಲ್ಲಿ ಮುಂದೆ ಇದು ಬರುತ್ತದೆ' ಎಂಬ ನೆನಪು ಒಂದು. 'ಸಾಮಾನ್ಯವಾಗಿ ಇಂಥ ಸ್ವರದ ನಂತರ ಇಂಥದ್ದು ಬರುತ್ತದೆ' ಎಂಬ ಅಭ್ಯಾಸ ಇನ್ನೊಂದು. ಈ ಎರಡನೆಯದು ಚಿಕ್ಕಂದಿನಿಂದ ಕೇಳಿ ಕೇಳಿ ಕೂತಿರುತ್ತದೆ, ತಾನಾಗಿಯೇ ಓಡುತ್ತದೆ, ಮೊದಲನೆಯದರ ಮಾತು ಕೇಳುವುದಿಲ್ಲ. ಹಾಗಾಗಿ ಹಾಡು ಬಾಯಿಪಾಠ ಆಗಿದ್ದರೂ ಅಭ್ಯಾಸ ಪ್ರತಿ ಸಲ ಷಡ್ಜಕ್ಕೆ ಕೈ ಚಾಚುತ್ತದೆ, ಪ್ರತಿ ಸಲ ಸಿಗದೆ ತಡವರಿಸುತ್ತದೆ. ಸಂಗೀತದ ಭಾವವೆಲ್ಲ ನಿರೀಕ್ಷೆಯನ್ನು ತಡೆದು ಹಿಡಿಯುವುದರಿಂದ ಹುಟ್ಟುತ್ತದೆ ಎಂದು ಅಮೆರಿಕದ ಸಂಗೀತ ವಿದ್ವಾಂಸ ಲೆನಾರ್ಡ್ ಮೇಯರ್ 1956ರಲ್ಲೇ ವಾದಿಸಿದ್ದರು. ಆಗ ಸ್ಕ್ಯಾನರ್ ಇರಲಿಲ್ಲ. ಅವರು ಬರೀ ಸ್ವರಪ್ರಸ್ತಾರ ಓದಿ ಹೇಳಿದ್ದು.

ತಂಬೂರಿತಂತಿ

ತಡವಾಗಿ ಬಂದೆ. ಎಲ್ಲ ಓದಿದೆ. ನೀವೆಲ್ಲ ಸಂಗೀತ ಎಂದರೆ ಮುಂದೆ ಮುಂದೆ ಓಡುವ ವಸ್ತು ಎಂದು ಮೊದಲೇ ಒಪ್ಪಿಕೊಂಡು ಮಾತಾಡುತ್ತಿದ್ದೀರಿ. ತಂಬೂರಿ ಓಡುವುದಿಲ್ಲ. ಅದಕ್ಕೇನು ಹೇಳುತ್ತೀರಿ?

ನಾಲ್ಕೇ ತಂತಿ. ಒಂದು ಪಂಚಮ ('ಪ'), ಎರಡು ಷಡ್ಜ, ಒಂದು ಮಂದ್ರ ಷಡ್ಜ, ಅಂದರೆ ಕೆಳಗಿನ 'ಸ'. ಮೀಟುತ್ತಾ ಹೋಗುವುದು, ಅಷ್ಟೇ. ಕಥೆಯಿಲ್ಲ, ತಿರುವಿಲ್ಲ, ಮುಂದೇನು ಎಂಬುದಿಲ್ಲ. ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ) ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಇಡುತ್ತೇವಲ್ಲ, ಅದನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ನಾದ ಅರಳುತ್ತದೆ. ಅದುವರೆಗೆ ಬರೀ ತಂತಿ. ಅರಳಿದ ಮೇಲೆ ಕೋಣೆ ತುಂಬ ಝೇಂಕಾರ. ಆಗ ಕಣ್ಣು ಮುಚ್ಚಿ ಕೇಳಿ. ಯಾವ ತಂತಿಯನ್ನೂ ಗಾಂಧಾರಕ್ಕೆ ('ಗ' ಸ್ವರಕ್ಕೆ) ಕಟ್ಟಿಲ್ಲ, ಆದರೂ ಗಾಂಧಾರ ಕೇಳುತ್ತದೆ. ಇದರಲ್ಲಿ ಪವಾಡ ಏನಿಲ್ಲ. ಮಂದ್ರ ಷಡ್ಜದ ತಂತಿ ಸೆಕೆಂಡಿಗೆ 100 ಸಲ ಕಂಪಿಸುತ್ತದೆ ಎಂದುಕೊಳ್ಳಿ. ಅದರ ಜೊತೆಗೇ 200, 300, 400, 500 ಎಂದು ಮೇಲಿನ ಕಂಪನಗಳೂ ಹುಟ್ಟುತ್ತವೆ. 400 ಅಂದರೆ ಎರಡು ಸ್ಥಾಯಿ ಮೇಲಿನ ಷಡ್ಜ. 500ಕ್ಕೂ 400ಕ್ಕೂ ಇರುವ 5:4ರ ಸಂಬಂಧವೇ ಅಂತರ ಗಾಂಧಾರ. ತಾನಾಗಿ ಹುಟ್ಟುವುದರಿಂದ ಸ್ವಯಂಭೂ ಗಾಂಧಾರ ಎನ್ನುತ್ತಾರೆ.

ಲೆಕ್ಕ ಇಷ್ಟು ಸರಳ. ಆದರೆ ಶ್ರುತಿ ಸೇರಿ ಅದು ಕೇಳಿದ ಕ್ಷಣ ನನಗೆ ಏನಾಗುತ್ತದೆ ಎಂದು ಹೇಳಲು ಲೆಕ್ಕ ಸಾಲುವುದಿಲ್ಲ. ಹಾಡು ಇನ್ನೂ ಶುರುವೇ ಆಗಿರುವುದಿಲ್ಲ, ನನ್ನ ಕಣ್ಣಲ್ಲಿ ನೀರು.

ನಿಷಾದ

ತಂಬೂರಿತಂತಿ ಸರ್, ಎಳೆ ಸರಿಸುತ್ತಾ ನೀವು ಗಾಂಧಾರಕ್ಕೇ ಕಾಯುತ್ತಿದ್ದಿರಿ ಅಲ್ವಾ?

ತಂಬೂರಿತಂತಿ

ಬಿಡುವುದಿಲ್ಲ ನೀವು! ಸರಿ, ಕಾದೆ ಎನ್ನೋಣ. ಆದರೆ ಬಂದ ಮೇಲೆ ಮುಗಿಯಬೇಕಿತ್ತಲ್ಲ, ನಿಮ್ಮ ಷಡ್ಜದ ಹಾಗೆ. ಮುಗಿಯುವುದಿಲ್ಲ. ಅಲ್ಲಿಂದ ಏಳಬೇಕು ಎಂದೇ ಅನ್ನಿಸುವುದಿಲ್ಲ. ಇದಕ್ಕೆ ನಿಮ್ಮ ವಾದದಲ್ಲಿ ಜಾಗ ಮಾಡಿಕೊಡಿ.

ಗುಂಯ್‌ಗುಡುವವ

ನನ್ನದು ಎದೆ. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಅರ್ಧ. ಸಣ್ಣ ಸ್ವರಗಳು, ಗಮಕ, ಗಾಂಧಾರ, ನೀವು ಹೇಳುವ ಯಾವುದೂ ನನಗೆ ಸಿಗುವುದಿಲ್ಲ. ಮೃದಂಗದ ಎಡಭಾಗದ ಗುಂಕಿ ಎಂಬ ತಗ್ಗಿನ ನಾದ ಮಾತ್ರ ನೆಲದಿಂದ ಕಾಲಿಗೆ, ಕಾಲಿಂದ ಎದೆಗೆ ಬರುತ್ತದೆ. ಸ್ಕಾಟ್‌ಲೆಂಡಿನ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ 12ನೇ ವಯಸ್ಸಿಗೆ ಹೆಚ್ಚುಕಡಿಮೆ ಪೂರ್ತಿ ಕಿವುಡಾದರು. ನೆಲದ ಕಂಪನ ಸಿಗಲಿ ಎಂದು ಬರಿಗಾಲಲ್ಲಿ ನಿಂತು ನುಡಿಸುತ್ತಾರೆ. ಅದನ್ನು ಓದಿದ ಮೇಲೆ ನಾನೂ ಕಛೇರಿಗೆ ಹೋದರೆ ಚಪ್ಪಲಿ ಬಿಡುತ್ತೇನೆ. ಪಕ್ಕದವರು ಭಕ್ತಿ ಎಂದುಕೊಳ್ಳುತ್ತಾರೆ. ಇರಲಿ.

ಹಿಂದಿನಸಾಲು

ನಿಮ್ಮದೆಲ್ಲ ಕೇಳುಗರ ಮಾತು. ನಾನು ಗಾಯಕವೃಂದದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡುವವಳು. ಒಂಟಿಯಾಗಿ ಹಾಡಿದರೆ ಯಾರೂ ಕೇಳದ ದನಿ ನನ್ನದು. ನನ್ನ ಜಾಗ ಹಾಡು ಶುರುವಾಗುವ ಮುಂಚಿನ ಉಸಿರು. ನಡೆಸುವವರು ಕೈ ಎತ್ತುತ್ತಾರೆ, ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳುತ್ತೇವೆ. ಆ ಸದ್ದಿಗೆ ನನಗೆ ಬೆನ್ನು ಜುಮ್ಮೆನ್ನುತ್ತದೆ.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದು ಇದನ್ನೇ. ಒಟ್ಟಿಗೆ ಹಾಡುವವರ ಎದೆಬಡಿತ ಒಟ್ಟಿಗೆ ಏರುತ್ತದೆ, ಒಟ್ಟಿಗೆ ಇಳಿಯುತ್ತದೆ. ಕಾರಣ ಸರಳ. ಉದ್ದ ಸಾಲು ಹಾಡುವಾಗ ಎಲ್ಲರೂ ಒಂದೇ ಹೊತ್ತಿಗೆ ಉಸಿರು ಬಿಡುತ್ತಾರೆ, ಉಸಿರಿನ ಹಿಂದೆ ಎದೆಬಡಿತ ಹೋಗುತ್ತದೆ. ನಮ್ಮ ಗುಂಪಿನಲ್ಲಿರುವ ಒಬ್ಬರ ಜೊತೆ ನನಗೆ ಮಾತಿಲ್ಲ. ಹಾಡುವಾಗ ಅವರ ಜೊತೆಗೂ ನನ್ನ ಎದೆ ಒಂದೇ ಸಮ ಬಡಿಯುತ್ತಿರುತ್ತದೆ ಎಂದು ನೆನೆದರೆ ಸ್ವಲ್ಪ ಸಿಟ್ಟೇ ಬರುತ್ತದೆ.

ರಾತ್ರಿಪಾಳಿ

ನನ್ನ ಜಾಗ ಹೇಳುತ್ತೇನೆ. ಅದು ಹಾಡಿನೊಳಗೆ ಇಲ್ಲ.

ಅಪ್ಪ ಒಂದು ಹಾಡು ಗುನುಗುತ್ತಿದ್ದರು. ಸಾಧಾರಣ ಹಾಡು, ನಿಮ್ಮಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಚರಣದ ಎರಡನೇ ಸಾಲು ಅಪ್ಪನಿಗೆ ಯಾವತ್ತೂ ನೆನಪಿರುತ್ತಿರಲಿಲ್ಲ. ಅಲ್ಲಿ 'ತನನ ತನನ' ಹಾಕಿ ದಾಟಿಸಿಬಿಡುತ್ತಿದ್ದರು. ಅಪ್ಪ ಈಗಿಲ್ಲ. ಮೂಲ ಹಾಡು ಎಲ್ಲಾದರೂ ಕಿವಿಗೆ ಬಿದ್ದರೆ ಆ ಸಾಲು ಹತ್ತಿರ ಬರುತ್ತಿದ್ದ ಹಾಗೆ ನನ್ನ ಮನಸ್ಸು 'ತನನ'ಕ್ಕೆ ತಯಾರಾಗುತ್ತದೆ. ಬರುವುದು ಗಾಯಕರ ಸರಿಯಾದ ಪದ. ಆ ಸರಿಯಾದ ಪದ ಕೇಳಿದರೆ ನನಗೆ ಅಳು.

ನಿಷಾದ ಅವರೇ, ಕಾಯುವುದರಲ್ಲೇ ಸುಖ ಎಂದಿರಿ. ಬರುವುದೇ ಇಲ್ಲ ಎಂದು ಗೊತ್ತಿದ್ದೂ ಕಾಯುವುದು ಸುಖವಾ?

ನಿಷಾದ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆ ಹಾಡು ಬಂದರೆ ನೀವು ನಿಲ್ಲಿಸುತ್ತೀರಾ?

ರಾತ್ರಿಪಾಳಿ

ಇಲ್ಲ. ಕೆಲವೊಮ್ಮೆ ನಾನೇ ಹುಡುಕಿ ಹಾಕುತ್ತೇನೆ.

ಮಾತುಗಾರ್ತಿ

ಸಾಹಿತ್ಯ ಮುಖ್ಯ ಎಂದು ವಾದ ಮಾಡಿದವಳು ನಾನು. 'ತನನ'ದ ಮುಂದೆ ಏನು ಹೇಳಲಿ.

ಲ್ಯಾಬ್‌ಕೋಟು

ದುಃಖದ ಹಾಡನ್ನು ಜನ ಬೇಕೆಂದೇ ಯಾಕೆ ಕೇಳುತ್ತಾರೆ ಎಂದು ಬರ್ಲಿನ್ನಿನ ಇಬ್ಬರು ಸಂಶೋಧಕರು 772 ಜನರನ್ನು ಕೇಳಿದ್ದರು. 2014ರಲ್ಲಿ ಪ್ರಕಟವಾಯಿತು. ಅಂಥ ಹಾಡು ಕೇಳಿದಾಗ ಹೆಚ್ಚು ಜನರಿಗೆ ಆಗುವುದು ಬರೀ ದುಃಖವಲ್ಲ, ಹಳೆಯದರ ಹಂಬಲ. ಮೊದಲ ಸ್ಥಾನ ಅದಕ್ಕೇ. ಜೊತೆಗೆ ಶಾಂತಿ, ಮಮತೆ, ಬೆರಗು ಕೂಡ. ಅಳುವಾಗ ದೇಹ ತನ್ನನ್ನು ತಾನು ಸಂತೈಸಿಕೊಳ್ಳಲು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಬಿಡುತ್ತದೆ, ಸಂಗೀತದಲ್ಲಿ ನಿಜವಾದ ಪೆಟ್ಟು ಇಲ್ಲದೆ ಬರೀ ಆ ಸಾಂತ್ವನ ಸಿಗುತ್ತದೆ ಎಂಬ ಊಹೆಯೂ ಉಂಟು. ಅದು ಊಹೆ, ಅಷ್ಟೇ.

ತಂಬೂರಿತಂತಿ

ನಮ್ಮ ಕಾವ್ಯಮೀಮಾಂಸೆ ಈ ಪ್ರಶ್ನೆಯನ್ನು ಯಾವತ್ತೋ ಹಿಡಿದಿದೆ. ಭರತನ ನಾಟ್ಯಶಾಸ್ತ್ರದಲ್ಲಿ ಶೋಕ ಎಂಬುದು ಬದುಕಿನ ಭಾವ, ಕರುಣ ಎಂಬುದು ರಸ. ಶೋಕ ಯಾರಿಗೂ ಬೇಡ. ಅದೇ ರಸವಾದಾಗ ಜನ ಹುಡುಕಿಕೊಂಡು ಬರುತ್ತಾರೆ. ಹೇಗೆ? ಭಾವ ನಿನ್ನದು, ನನ್ನದು ಎಂಬ ಗಂಟು ಬಿಚ್ಚಿಕೊಂಡು ಎಲ್ಲರದೂ ಆಗುತ್ತದೆ ಎನ್ನುತ್ತಾನೆ ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ. ರಾಗದಲ್ಲಿ ಇದು ಸ್ಪಷ್ಟ. ಶುಭಪಂತುವರಾಳಿ ಕೇಳಿದರೆ ದುಃಖವಾಗುತ್ತದೆ. ಯಾರ ದುಃಖ ಎಂದು ಕೇಳಿದರೆ ಉತ್ತರವಿಲ್ಲ. ಅದಕ್ಕೇ ಅದನ್ನು ತಡೆದುಕೊಳ್ಳಬಹುದು, ಮತ್ತೊಮ್ಮೆ ಹಾಡಿ ಎನ್ನಬಹುದು.

ರಾತ್ರಿಪಾಳಿ

ಸರ್, ಗೌರವದಿಂದಲೇ ಹೇಳುತ್ತೇನೆ. ನನ್ನದು ಎಲ್ಲರದೂ ಆಗಿಲ್ಲ. ಅದು ನನ್ನ ಅಪ್ಪನ 'ತನನ'. ರಸ ಆಗಿದ್ದರೆ ನಿಮಗೂ ಕೇಳಬೇಕಿತ್ತು.

ತಂಬೂರಿತಂತಿ

ಮಾತು ನಿಜ, ಅಮ್ಮಾ. ಶಾಸ್ತ್ರ ಮಾತಾಡುವುದು ಸಭೆಯಲ್ಲಿ ಕೂತವರ ಬಗ್ಗೆ. ನಿಮ್ಮದು ಸಭೆಯ ವಿಷಯ ಅಲ್ಲ.

ಹಿಂದಿನಸಾಲು

ನೆನಪಿನ ಮಾತು ಬಂತು ಎಂದು ಇದನ್ನು ಹೇಳುತ್ತೇನೆ. ಕ್ಲೈವ್ ವೇರಿಂಗ್ ಎಂಬ ಬ್ರಿಟಿಷ್ ಸಂಗೀತಗಾರರಿಗೆ 1985ರಲ್ಲಿ ಮೆದುಳಿಗೆ ಸೋಂಕು ತಗುಲಿತು. ಆಮೇಲೆ ಹೊಸ ನೆನಪು ಕೆಲವು ಸೆಕೆಂಡು ಮೀರಿ ನಿಲ್ಲುತ್ತಿರಲಿಲ್ಲ. ಹೆಂಡತಿ ಕೋಣೆಯಿಂದ ಹೊರಗೆ ಹೋಗಿ ಬಂದರೆ ಎಷ್ಟೋ ವರ್ಷದ ನಂತರ ಕಂಡಂತೆ ತಬ್ಬಿಕೊಳ್ಳುತ್ತಿದ್ದರು. ಆದರೆ ಪಿಯಾನೊ ಮುಂದೆ ಕೂತರೆ ನುಡಿಸುತ್ತಿದ್ದರು. ಗಾಯಕವೃಂದವನ್ನು ನಡೆಸಬಲ್ಲವರಾಗಿದ್ದರು. ಹಾಡು ಮುಗಿದ ಕೂಡಲೇ ನುಡಿಸಿದ್ದೂ ನೆನಪಿಲ್ಲ. ಹಾಡು ನಡೆಯುವಷ್ಟು ಹೊತ್ತು ಮಾತ್ರ ಒಂದು ಕ್ಷಣದ ಹಿಂದೆ ಇನ್ನೊಂದು ಕ್ಷಣ ಜೋಡಿಸಿಕೊಂಡು ಬರುತ್ತಿತ್ತು. ಇದನ್ನು ಓದಿದ ಮೇಲೆ ಹಾಡಿನ ಮಧ್ಯೆ ಫೋನ್ ನೋಡುವುದು ಬಿಟ್ಟಿದ್ದೇನೆ.

ಸವೆದರೆಕಾರ್ಡು

ದೊಡ್ಡವರ ಮಧ್ಯೆ ನನ್ನದು ಸಣ್ಣ ಸಮಸ್ಯೆ. ಒಂದು ಹಾಡು ಸಿಕ್ಕಿತು, ತಲೆ ಕೆಟ್ಟಂತಾಗಿ ಹಗಲೂ ರಾತ್ರಿ ಅದನ್ನೇ ಕೇಳಿದೆ. ಈಗ ಅದು ಸತ್ತುಹೋಗಿದೆ. ಜುಮ್ಮೆನ್ನುತ್ತಿದ್ದ ಜಾಗ ಬರುತ್ತದೆ, ಹೋಗುತ್ತದೆ, ನನಗೇನೂ ಆಗುವುದಿಲ್ಲ. ಅಭ್ಯಾಸದ ನಿರೀಕ್ಷೆ ಪ್ರತಿ ಸಲ ತಡವರಿಸುತ್ತದೆ ಎಂದು ಲ್ಯಾಬ್‌ಕೋಟು ಅಣ್ಣ ಹೇಳಿದರು. ನನ್ನದು ತಡವರಿಸುತ್ತಲೇ ಇಲ್ಲ. ವಾಪಸು ಬರುವ ದಾರಿ ಇದೆಯಾ?

ಲ್ಯಾಬ್‌ಕೋಟು

ಕೇಳಿದಷ್ಟೂ ಇಷ್ಟ ಏರುತ್ತದೆ, ಒಂದು ಮಟ್ಟ ದಾಟಿದ ಮೇಲೆ ಇಳಿಯುತ್ತದೆ. ಸರಳ ಹಾಡು ಬೇಗ ಇಳಿಯುತ್ತದೆ. ಸಂಕೀರ್ಣವಾದದ್ದು ಜಾಸ್ತಿ ದಿನ ಬಾಳುತ್ತದೆ. ಬಿಟ್ಟರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ.

ಗುಂಯ್‌ಗುಡುವವ

ಜೋರಾಗಿ ಕೇಳಬೇಡ ತಮ್ಮಾ. ಹಾಡು ವಾಪಸು ಬರಬಹುದು, ಕಿವಿ ಬರುವುದಿಲ್ಲ.

ನಿಷಾದ

ಬೇರೆ ಗಂಟಲಲ್ಲಿ ಕೇಳಿ. ಅದೇ ಹಾಡು, ಬೇರೆಯವರು ಹಾಡಿದ್ದು. ನಿಮಗೆ ಬಾಯಿಪಾಠ ಆಗಿರುವುದು ಹಾಡಲ್ಲ, ಆ ಒಂದು ಧ್ವನಿಮುದ್ರಣ. ಅದೊಂದೇ ಸವೆದಿರಬಹುದು.

ಸವೆದರೆಕಾರ್ಡು

ಕೇಳಿ ಬಂದೆ. ಯಾರೋ ಒಬ್ಬರು ಅದನ್ನು ಅರ್ಧ ವೇಗಕ್ಕೆ ಇಳಿಸಿ ಹಾಡಿದ್ದಾರೆ. ಶ್ರುತಿಯೂ ಕೆಳಗೆ. ನನ್ನ ಜಾಗದಲ್ಲಿ ಮೇಲೆ ಹೋಗುವ ಬದಲು ಕೆಳಗೆ ಇಳಿದುಬಿಟ್ಟರು. ಎಂಥ ಸಿಟ್ಟು ಬಂತು ಅಂದರೆ ಅರ್ಧಕ್ಕೇ ನಿಲ್ಲಿಸಿದೆ. ಇಷ್ಟು ಸಿಟ್ಟು ಬರುತ್ತದೆ ಎಂದರೆ ಹಾಡು ಇನ್ನೂ ಸತ್ತಿಲ್ಲ ಎಂದು ಲೆಕ್ಕವಾ?

ತಂಬೂರಿತಂತಿ

ಸತ್ತಿಲ್ಲ. ಸಿಟ್ಟು ಇಳಿದ ಮೇಲೆ ಉಳಿದರ್ಧ ಕೇಳು. ಕೆಳಗೆ ಇಳಿದವರು ಅಲ್ಲಿಂದ ಹೇಗೆ ಮೇಲೆ ಬಂದರು ಎಂದು ನೀನು ಇನ್ನೂ ನೋಡಿಲ್ಲ.